ಹವ್ಯಾಸ ಕಸುಬಾಗುವ ಹಾದಿ: ಸಣ್ಣ ಧೈರ್ಯಗಳ ಲೆಕ್ಕಾಚಾರ

"ನನಗೂ ಇಂಥದ್ದೊಂದು ಮಾಡಿಕೊಡುತ್ತೀರಾ? ಎಷ್ಟಾಗುತ್ತದೆ?" ಬಿಡುವಿನಲ್ಲಿ ಚಿತ್ರ ಬರೆಯುವವರು, ಕಸೂತಿ ಹಾಕುವವರು, ಮಣ್ಣಿನ ಪಾತ್ರೆ ಮಾಡುವವರು, ಫೋಟೊ ತೆಗೆಯುವವರು ಎಂದಾದರೊಂದು ದಿನ ಈ ಪ್ರಶ್ನೆಯನ್ನು ಎದುರಿಸುತ್ತಾರೆ. ಕೇಳಿದವರಿಗೆ ಅದು ಎರಡು ಮಾತಿನ ವಿಷಯ. ಕೇಳಿಸಿಕೊಂಡವರಿಗೆ ಮಾತ್ರ ಅಲ್ಲಿಯವರೆಗೆ ಮನಸ್ಸಿನ ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದ ಒಂದು ಆಸೆ ಎದ್ದು ನಿಂತಂತಾಗುತ್ತದೆ: ಇದರಿಂದಲೇ ಬದುಕಲು ಸಾಧ್ಯವೇ?

ಹಿಂದೆ ಈ ಪ್ರಶ್ನೆ ಕೆಲವರದಷ್ಟೇ ಆಗಿತ್ತು. ಮಾಡಿದ್ದನ್ನು ಜನರ ಮುಂದಿಡಲು ಅಂಗಡಿಯವರೋ ಪ್ರಕಾಶಕರೋ ಕಲಾ ಗ್ಯಾಲರಿಯವರೋ ಒಪ್ಪಬೇಕಿತ್ತು. ಕೈಕೆಲಸದ ವಸ್ತುಗಳನ್ನು ಮಾರುವ ಅಂತರ್ಜಾಲ ತಾಣ ಎಟ್ಸಿ 2005ರಲ್ಲಿ, ಕೃತಿ ತಯಾರಾಗುವ ಮೊದಲೇ ಜನರಿಂದ ಹಣ ಸಂಗ್ರಹಿಸಲು ನೆರವಾಗುವ ಕಿಕ್‌ಸ್ಟಾರ್ಟರ್ 2009ರಲ್ಲಿ, ಅಭಿಮಾನಿಗಳು ತಿಂಗಳು ತಿಂಗಳು ಹಣ ಕೊಟ್ಟು ಪೋಷಿಸುವ ಪೇಟ್ರಿಯಾನ್ 2013ರಲ್ಲಿ ಆರಂಭವಾದ ಮೇಲೆ ಒಪ್ಪಿಗೆ ಕೊಡುವ ಆ ಮಧ್ಯಸ್ಥರನ್ನು ದಾಟಿ ಹೋಗಲು ದಾರಿಯಾಯಿತು. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಒಳಗೆ ಹೇಗೆ ನಡೆಯಬೇಕೆಂಬುದು ತಿಳಿಯುವುದಿಲ್ಲ. "ಕೆಲಸ ಬಿಟ್ಟು ಕನಸಿನ ಹಿಂದೆ ಹೊರಡಿ" ಎನ್ನುವವರೂ "ಕಲೆ ಹೊಟ್ಟೆ ತುಂಬಿಸುವುದಿಲ್ಲ" ಎನ್ನುವವರೂ ಸಮ ಪ್ರಮಾಣದಲ್ಲಿ ಸಿಗುತ್ತಾರೆ. ಇವೆರಡರ ನಡುವೆ ಇರುವ ದಾರಿ ಹೇಗೆ ಕೆಲಸ ಮಾಡುತ್ತದೆ ಎಂಬುದು ಈ ಲೇಖನದ ವಿಷಯ.

ಮೊದಲು ಪದಗಳ ಅರ್ಥ

ಹವ್ಯಾಸದಲ್ಲಿ ಏನು ಮಾಡಬೇಕು, ಯಾವಾಗ ಮುಗಿಸಬೇಕು, ಮಾಡಿದ್ದು ಚೆನ್ನಾಗಿದೆಯೇ ಎಂಬ ಮೂರನ್ನೂ ಮಾಡುವವರೇ ತೀರ್ಮಾನಿಸುತ್ತಾರೆ. ಅರ್ಧಕ್ಕೆ ಬಿಟ್ಟ ಚಿತ್ರದ ಬಗ್ಗೆ ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಅದೇ ಕೆಲಸಕ್ಕೆ ಮತ್ತೊಬ್ಬರು ಹಣ ಕೊಟ್ಟ ಕೂಡಲೇ ಈ ಮೂರು ಅಧಿಕಾರಗಳಲ್ಲಿ ಅವರಿಗೂ ಒಂದು ಪಾಲು ಹೋಗುತ್ತದೆ. ಒಬ್ಬರೇ ನಡೆಯುವುದಕ್ಕೂ ಇನ್ನೊಬ್ಬರನ್ನು ಜೊತೆಗೆ ಕರೆದುಕೊಂಡು ನಡೆಯುವುದಕ್ಕೂ ಇರುವ ವ್ಯತ್ಯಾಸ ಇದು. ಕಾಲು ಅದೇ, ದಾರಿಯೂ ಅದೇ. ಆದರೆ ಎಲ್ಲಿ ನಿಲ್ಲಬೇಕು, ಎಷ್ಟು ಬೇಗ ಹೋಗಬೇಕು ಎಂಬುದನ್ನು ಇಬ್ಬರೂ ಸೇರಿ ತೀರ್ಮಾನಿಸಬೇಕು.

ಹವ್ಯಾಸಕ್ಕೂ ವೃತ್ತಿಗೂ ನಡುವೆ ಉಪಕಸುಬು ಎಂಬ ಹಂತವೊಂದಿದೆ. ಖರ್ಚಿಗಿಂತ ತುಸು ಹೆಚ್ಚು ಹಣ ಬರುತ್ತಿದೆ, ಆದರೆ ಮನೆ ನಡೆಯುವುದು ಇನ್ನೊಂದು ಆದಾಯದಿಂದ ಎನ್ನುವ ಸ್ಥಿತಿ ಇದು. ಜೀವನದ ಖರ್ಚನ್ನೆಲ್ಲ ಈ ಕೆಲಸವೇ ವರ್ಷವಿಡೀ ಹೊರುವಂತಾದಾಗ ಅದನ್ನು ವೃತ್ತಿ ಎನ್ನಬಹುದು. ಬಹಳ ಮಂದಿ ಮಧ್ಯದ ಈ ಹಂತವನ್ನು ಸೋಲೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಕಲಿಯಬೇಕಾದದ್ದರ ಬಹುಪಾಲನ್ನು ಅಗ್ಗವಾಗಿ ಕಲಿಯಲು ಸಿಗುವ ಜಾಗ ಅದೊಂದೇ.

ಧೈರ್ಯಕ್ಕೆ 'ಸಣ್ಣ' ಎಂಬ ವಿಶೇಷಣ ಏಕೆ

ಗಳಿಕೆಯ ಸಂತೋಷಕ್ಕಿಂತ ನಷ್ಟದ ನೋವು ಮನಸ್ಸಿಗೆ ಹೆಚ್ಚು ತೂಗುತ್ತದೆ ಎಂದು ಮನೋವಿಜ್ಞಾನಿಗಳಾದ ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವೆರ್‌ಸ್ಕಿ 1979ರಲ್ಲಿ ತೋರಿಸಿಕೊಟ್ಟರು. ಮುಂದಿನ ಅಳತೆಗಳಲ್ಲಿ ಈ ವ್ಯತ್ಯಾಸ ಸುಮಾರು ಎರಡು ಪಟ್ಟು ಎಂದು ಕಂಡುಬಂದಿತು. ಹೀಗಾಗಿ "ಇರುವ ಕೆಲಸ ಬಿಡಲೇ, ಬೇಡವೇ" ಎಂಬ ದೊಡ್ಡ ಪ್ರಶ್ನೆಯನ್ನು ಮುಂದಿಟ್ಟುಕೊಂಡವರ ಮನಸ್ಸು ವರ್ಷಗಟ್ಟಲೆ ಜಗ್ಗದೆ ನಿಲ್ಲುವುದು ಅಂಜುಬುರುಕುತನವಲ್ಲ. ಪ್ರಶ್ನೆಯ ಗಾತ್ರವೇ ಹಾಗಿದೆ. ಅದೇ ಪ್ರಶ್ನೆಯನ್ನು ಒಡೆದು "ಈ ತಿಂಗಳು ಮೂರು ವಸ್ತುಗಳನ್ನು ಅಪರಿಚಿತರಿಗೆ ತೋರಿಸಲೇ" ಎಂದು ಕೇಳಿಕೊಂಡರೆ, ಕಳೆದುಕೊಳ್ಳುವುದು ಏನೆಂಬುದು ಸ್ಪಷ್ಟವಾಗಿ ಕಾಣುತ್ತದೆ. ಕಂಡ ನಷ್ಟಕ್ಕೆ ಮನಸ್ಸು ಅಷ್ಟಾಗಿ ಹೆದರುವುದಿಲ್ಲ.

ಉದ್ಯಮಶೀಲತೆಯನ್ನು ಅಧ್ಯಯನ ಮಾಡುವ ಸರಸ್ ಸರಸ್ವತಿ ಅವರು ಅನುಭವಿ ಉದ್ಯಮಿಗಳ ಯೋಚನಾಕ್ರಮವನ್ನು ವಿವರಿಸುತ್ತಾ 2001ರಲ್ಲಿ ಇಂಥದ್ದೇ ಒಂದು ಸೂತ್ರವನ್ನು ಮಂಡಿಸಿದರು. ನುರಿತವರು "ಇದರಿಂದ ಎಷ್ಟು ಬರಬಹುದು" ಎಂದು ಊಹಿಸುತ್ತಾ ಕೂರುವುದಕ್ಕಿಂತ "ಇದು ಪೂರ್ತಿ ಹೋದರೂ ನಾನು ತಾಳಿಕೊಳ್ಳಬಲ್ಲೆನೇ" ಎಂದು ಮೊದಲು ಕೇಳಿಕೊಳ್ಳುತ್ತಾರೆ. ಬರುವುದನ್ನು ಯಾರೂ ಹೇಳಲಾರರು. ಹೋಗುವುದಕ್ಕೆ ಮಾತ್ರ ಮಿತಿ ಹಾಕಿಕೊಳ್ಳಬಹುದು. ಈಜು ಬಾರದವರು ನೀರಿಗಿಳಿಯುವಾಗ ಒಂದು ಕಾಲನ್ನು ಗಟ್ಟಿ ನೆಲದಲ್ಲಿಟ್ಟುಕೊಂಡು ಇನ್ನೊಂದರಿಂದ ತಳ ತಡಕುವುದಿಲ್ಲವೇ, ಹಾಗೆ.

ಮಕ್ಕಳ ಕಥೆಗಳಿಗೆ ಹೆಸರಾದ ಇಂಗ್ಲಿಷ್ ಲೇಖಕಿ ಬಿಯಾಟ್ರಿಕ್ಸ್ ಪಾಟರ್ ಅವರ ಉದಾಹರಣೆಯನ್ನು ಇಲ್ಲಿ ಹತ್ತಿರದಿಂದ ನೋಡಬೇಕು. 1893ರಲ್ಲಿ ಅವರು ಕಾಯಿಲೆ ಬಿದ್ದಿದ್ದ ಪರಿಚಿತ ಬಾಲಕನೊಬ್ಬನಿಗೆ ಒಂದು ತುಂಟ ಮೊಲದ ಕಥೆಯನ್ನು ಚಿತ್ರಗಳ ಸಮೇತ ಪತ್ರವಾಗಿ ಬರೆದು ಕಳುಹಿಸಿದ್ದರು. ವರ್ಷಗಳ ನಂತರ ಅದನ್ನೇ ಪುಸ್ತಕವಾಗಿಸಲು ಹೊರಟಾಗ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ತಿರಸ್ಕರಿಸಿದರು. ಮಕ್ಕಳ ಕೈಗೆ ಹಿಡಿಸುವಷ್ಟು ಪುಟ್ಟದಾಗಿ, ಕಡಿಮೆ ಬೆಲೆಗೆ ಸಿಗುವಂತೆ ಪುಸ್ತಕ ಇರಬೇಕೆಂಬುದು ಅವರ ಹಟ. ಕೊನೆಗೆ 1901ರ ಡಿಸೆಂಬರಿನಲ್ಲಿ ತಮ್ಮ ಸ್ವಂತ ಹಣದಿಂದ 250 ಪ್ರತಿಗಳನ್ನು ಮುದ್ರಿಸಿ ಹಂಚಿದರು, ಮಾರಿದರು. ಮೊದಲು ಬೇಡವೆಂದಿದ್ದ ಪ್ರಕಾಶಕರಲ್ಲೇ ಒಬ್ಬರು ಮನಸ್ಸು ಬದಲಿಸಿ, ಬಣ್ಣದ ಚಿತ್ರಗಳಿದ್ದರೆ ತರುತ್ತೇವೆಂದು ಒಪ್ಪಿ 1902ರ ಅಕ್ಟೋಬರಿನಲ್ಲಿ ಅದನ್ನು ಹೊರತಂದರು.

ಆ 250 ಎಂಬ ಸಂಖ್ಯೆಯಲ್ಲಿ ವಿಷಯವಿದೆ. ಓದುಗರು ಇದ್ದಾರೆಂದು ತಿಳಿಯಲು ಅಷ್ಟು ಪ್ರತಿ ಸಾಕು. ಒಂದೂ ಮಾರದೆ ಉಳಿದರೂ ಒಂದು ಪೆಟ್ಟಿಗೆಯಲ್ಲಿಟ್ಟು ಮರೆಯಬಹುದು. ಪಾಟರ್ ಅನುಕೂಲಸ್ಥ ಮನೆತನದವರಾಗಿದ್ದರು ಎಂಬುದನ್ನೂ ಜೊತೆಗೇ ಹೇಳಬೇಕು. ಅವರಿಗೆ ಸಣ್ಣದಾಗಿದ್ದ ನಷ್ಟ ಬೇರೊಬ್ಬರಿಗೆ ದೊಡ್ಡದಾಗಬಹುದು. ಆದ್ದರಿಂದ 'ಸಣ್ಣ' ಎಂಬುದಕ್ಕೆ ಎಲ್ಲರಿಗೂ ಒಂದೇ ಅಳತೆಯಿಲ್ಲ. ಅವರವರ ಹಾಸಿಗೆ ಇದ್ದಷ್ಟೇ ಅವರು ಕಾಲು ಚಾಚಬೇಕು.

ಇನ್ನೊಂದು ತಪ್ಪು ತಿಳಿವಳಿಕೆಯೆಂದರೆ, ಆತ್ಮವಿಶ್ವಾಸ ಮೊದಲು ಬರುತ್ತದೆ, ಕೆಲಸ ಆಮೇಲೆ ಎಂಬುದು. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಇದರ ಬಗ್ಗೆ ಬರೆಯುತ್ತಾ, "ನನ್ನಿಂದ ಆಗುತ್ತದೆ" ಎಂಬ ನಂಬಿಕೆಗೆ ಅತಿ ಬಲವಾದ ಮೂಲ ತಾನೇ ಮಾಡಿ ಮುಗಿಸಿದ ಅನುಭವ ಎಂದು ವಾದಿಸಿದರು. ಇನ್ನೊಬ್ಬರ ಹುರಿದುಂಬಿಸುವ ಮಾತಿನ ಬಲ ಅದಕ್ಕಿಂತ ಕಡಿಮೆ. ಅಂದರೆ ಸಣ್ಣ ತೀರ್ಮಾನವೊಂದು ದಡ ಸೇರಿದಾಗ ಅದು ತಂದುಕೊಡುವುದು ಹಣವನ್ನಷ್ಟೇ ಅಲ್ಲ, ಮುಂದಿನದಕ್ಕೆ ಬೇಕಾದ ಧೈರ್ಯವನ್ನೂ.

ಅಪರಿಚಿತರ ಕಣ್ಣಿಗೆ ಒಡ್ಡುವುದು

ಮೊದಲ ಮೆಟ್ಟಿಲು ಮಾರಾಟವಲ್ಲ, ತೋರಿಸುವುದು. ಮನೆಯವರು, ಗೆಳೆಯರು "ತುಂಬ ಚೆನ್ನಾಗಿದೆ" ಎನ್ನುತ್ತಾರೆ. ಅದರಲ್ಲಿ ಸುಳ್ಳಿರುವುದಿಲ್ಲ; ಆದರೆ ಅವರು ನೋಡುತ್ತಿರುವುದು ವಸ್ತುವನ್ನಲ್ಲ, ಅದನ್ನು ಮಾಡಿದವರನ್ನು. ಪರಿಚಯವೇ ಇಲ್ಲದವರು ವಸ್ತುವನ್ನಷ್ಟೇ ನೋಡುತ್ತಾರೆ. ಅವರು ಹೊಗಳಲೇಬೇಕೆಂದಿಲ್ಲ. ಕೈಗೆತ್ತಿಕೊಂಡು ಯಾವ ಬದಿಯನ್ನು ಮೊದಲು ತಿರುಗಿಸಿದರು, ಏನು ಕೇಳಿದರು, ಯಾವುದನ್ನು ನೋಡದೆ ದಾಟಿ ಹೋದರು ಎಂಬುದೇ ಉಪಯುಕ್ತ ಉತ್ತರ.

ನಾನು ಬಿಡುವಿನಲ್ಲಿ ಕೈಯಿಂದ ನೋಟುಪುಸ್ತಕ ಕಟ್ಟುತ್ತೇನೆ. ಮೊದಲ ಸಲ ಒಂದು ಮೇಜಿನ ಮೇಲೆ ಹನ್ನೆರಡು ಪುಸ್ತಕಗಳನ್ನು ಜೋಡಿಸಿಟ್ಟುಕೊಂಡು ಕುಳಿತಾಗ, ರಟ್ಟಿನ ಮೇಲಿನ ಬಣ್ಣದ ಕಾಗದವೇ ಜನರನ್ನು ಸೆಳೆಯುತ್ತದೆ ಎಂದುಕೊಂಡಿದ್ದೆ. ಬಂದವರಲ್ಲಿ ಹೆಚ್ಚಿನವರು ಪುಸ್ತಕವನ್ನು ನಡುವೆ ತೆರೆದು ಮೇಜಿನ ಮೇಲೆ ಇಟ್ಟು, ಕೈ ಬಿಟ್ಟರೂ ಅದು ಮುಚ್ಚಿಕೊಳ್ಳದೆ ಚಪ್ಪಟೆಯಾಗಿ ನಿಲ್ಲುತ್ತದೆಯೇ ಎಂದು ನೋಡಿದರು. ಎಂಟು ಪುಸ್ತಕಗಳು ನಿಂತವು, ನಾಲ್ಕು ಮುಚ್ಚಿಕೊಂಡವು. ಆ ನಾಲ್ಕರಲ್ಲಿ ನಾನು ಬೆನ್ನಿಗೆ ಅಂಟು ಹೆಚ್ಚು ಬಳಿದಿದ್ದೆ. ಮನೆಯಲ್ಲಿ ಎರಡು ವರ್ಷ ಯಾರೂ ಹೇಳದ ದೋಷವನ್ನು ಅಪರಿಚಿತರು ಮಾತೇ ಆಡದೆ ಒಂದು ಮಧ್ಯಾಹ್ನದಲ್ಲಿ ತೋರಿಸಿಕೊಟ್ಟರು.

ಬೆಲೆ ಹೇಳುವ ಕಷ್ಟ

ಬಹುತೇಕ ಹವ್ಯಾಸಿಗಳು ಎಡವುವುದು ಇಲ್ಲಿ, ಹಾಗಾಗಿ ಸ್ವಲ್ಪ ಹೆಚ್ಚು ಹೊತ್ತು ಇಲ್ಲಿ ನಿಲ್ಲಬೇಕು. ಅಡ್ಡ ಬರುವುದು ಲೆಕ್ಕದ ಅಜ್ಞಾನಕ್ಕಿಂತ ಹೆಚ್ಚಾಗಿ ದಾಕ್ಷಿಣ್ಯ. ಇಷ್ಟಪಟ್ಟು ಮಾಡಿದ್ದಕ್ಕೆ ಹಣ ಕೇಳುವುದು ಹೇಗೆ ಎಂಬ ಸಂಕೋಚದಿಂದ ನಾಲಿಗೆ ತಡವರಿಸುತ್ತದೆ. ಮೊದಲ ಸಲ ನಾನೊಂದು ಬೆಲೆ ಹೇಳಿ, ಎದುರಿನವರು ಬಾಯಿ ತೆರೆಯುವ ಮೊದಲೇ ನಾನೇ ಅದನ್ನು ಅರ್ಧಕ್ಕಿಳಿಸಿದ್ದೆ. ಅವರು ಚೌಕಾಸಿ ಮಾಡಿರಲಿಲ್ಲ. ಬಹುಶಃ ಚೀಲದಲ್ಲಿ ಪರ್ಸು ಹುಡುಕುತ್ತಿದ್ದರು.

ಸಾಮಾನ್ಯವಾಗಿ ಹವ್ಯಾಸಿಗಳು ಬೆಲೆ ಕಟ್ಟುವುದು ಸಾಮಗ್ರಿಯ ಖರ್ಚಿಗೆ ಒಂದಿಷ್ಟು ಸೇರಿಸಿ. ಈ ಲೆಕ್ಕದಲ್ಲಿ ಸಮಯಕ್ಕೆ ಬೆಲೆಯೇ ಇರುವುದಿಲ್ಲ. ಒಂದು ನೋಟುಪುಸ್ತಕದ ಸಮಯವನ್ನು ಬಿಡಿಸಿ ನೋಡೋಣ. ಕಾಗದ ಕತ್ತರಿಸಿ ಮಡಚಲು 40 ನಿಮಿಷ, ದಬ್ಬಳದಿಂದ ತೂತು ಹಾಕಿ ಹೊಲಿಯಲು 70 ನಿಮಿಷ, ರಟ್ಟು ಕತ್ತರಿಸಿ ಕಾಗದ ಅಂಟಿಸಲು 60 ನಿಮಿಷ, ಭಾರದ ಕೆಳಗಿಟ್ಟು ಮರುದಿನ ತೆಗೆದು ಅಂಚು ಸರಿಪಡಿಸಲು 20 ನಿಮಿಷ. ಒಟ್ಟು 190 ನಿಮಿಷ. ಹವ್ಯಾಸಿಯ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ಮಾರುವವರ ಲೆಕ್ಕದಲ್ಲಿ ಇನ್ನೂ ಉಳಿದಿದೆ: ಫೋಟೊ ತೆಗೆದು ವಿವರ ಬರೆಯಲು 25 ನಿಮಿಷ, ಗಿರಾಕಿಯ ಪ್ರಶ್ನೆಗಳಿಗೆ ಉತ್ತರಿಸಲು 15, ಪ್ಯಾಕ್ ಮಾಡಿ ಅಂಚೆಗೆ ಹಾಕಿ ಬರಲು 40. ಹೀಗೆ ಇನ್ನೂ 80 ನಿಮಿಷ ಸೇರಿ ಒಂದು ಪುಸ್ತಕಕ್ಕೆ ನಾಲ್ಕೂವರೆ ಗಂಟೆಯಾಗುತ್ತದೆ. ನಮ್ಮ ಲೆಕ್ಕದಲ್ಲಿ ಸುಮಾರು ಮೂರನೆಯ ಒಂದು ಭಾಗ ಕಾಣೆಯಾಗಿತ್ತು.

ಇದನ್ನು ವರ್ಷಕ್ಕೆ ಹಿಗ್ಗಿಸಿದರೆ ಚಿತ್ರ ಇನ್ನಷ್ಟು ಸ್ಪಷ್ಟ. ವಾರಕ್ಕೆ 40 ಗಂಟೆಯಂತೆ 52 ವಾರಗಳಿಗೆ 2,080 ಗಂಟೆಗಳು. ಸಂಬಳದಾರರಿಗೆ ರಜೆಯ ದಿನಗಳಿಗೂ ಸಂಬಳ ಬರುವುದರಿಂದ ಅವರ ವರ್ಷದ ಸಂಬಳವನ್ನು ಈ 2,080ರಿಂದ ಭಾಗಿಸಿ ಗಂಟೆಯ ದರ ಕಂಡುಕೊಳ್ಳಬಹುದು. ಸ್ವಂತ ಕಸುಬಿನವರಿಗೆ ರಜೆ, ಕಾಯಿಲೆ, ಹಬ್ಬಗಳೆಂದು ಆರು ವಾರ ಕಳೆದರೆ ಉಳಿಯುವುದು 1,840 ಗಂಟೆ. ಅದರಲ್ಲಿ ಅರ್ಧದಷ್ಟು ಪತ್ರವ್ಯವಹಾರ, ಲೆಕ್ಕಪತ್ರ, ಸಾಮಗ್ರಿ ಖರೀದಿ, ಹೊಸದನ್ನು ಪ್ರಯೋಗಿಸಿ ನೋಡುವುದು ಇತ್ಯಾದಿಗಳಿಗೆ ಹೋಗುತ್ತದೆ ಎಂದಿಟ್ಟುಕೊಂಡರೆ, ಗಿರಾಕಿಯಿಂದ ಹಣ ತರುವ ಗಂಟೆಗಳು 920 ಮಾತ್ರ. ಸಂಬಳದಾರರಷ್ಟೇ ಗಳಿಸಬೇಕಾದರೂ ಅವರ ಗಂಟೆಯ ದರಕ್ಕಿಂತ ಸುಮಾರು ಎರಡೂಕಾಲು ಪಟ್ಟು ಕೇಳಬೇಕಾಗುತ್ತದೆ, ಅದೂ ಸಾಮಗ್ರಿಯ ಖರ್ಚು ಮತ್ತು ತೆರಿಗೆಯನ್ನು ಬಿಟ್ಟು. ಮೇಲ್ನೋಟಕ್ಕೆ ದುರಾಸೆಯಂತೆ ಕಾಣುವ ಬೆಲೆ ಹೀಗೆ ಬಿಡಿಸಿ ನೋಡಿದಾಗ ಬರೀ ಕೂಲಿಯಾಗಿರುತ್ತದೆ.

ಹಾಗೆ ಲೆಕ್ಕ ಹಾಕಿದ ಬೆಲೆಗೆ ಯಾರೂ ಕೊಳ್ಳದಿದ್ದರೆ? ಆಗ ಬೆಲೆ ಇಳಿಸುವ ಮೊದಲು ನೋಡಬೇಕಾದ ದಾರಿಗಳಿವೆ: ಮಾಡುವ ಸಮಯವನ್ನು ಕಡಿಮೆ ಮಾಡಬಹುದು, ಅದೇ ಕೌಶಲವನ್ನು ಬೇರೆ ರೂಪದಲ್ಲಿ ಮಾರಬಹುದು, ಅಥವಾ ಆ ವಸ್ತುವಿಗೆ ಹೆಚ್ಚು ಬೆಲೆ ಕಾಣುವ ಬೇರೆ ಗಿರಾಕಿಗಳನ್ನು ಹುಡುಕಬಹುದು. ಒಂದು ಪುಸ್ತಕವನ್ನು ಕೊಳ್ಳಲು ಹಿಂಜರಿಯುವವರೇ ಅದನ್ನು ಕಟ್ಟಲು ಕಲಿಸುವ ತರಗತಿಗೆ ಅದಕ್ಕಿಂತ ಹೆಚ್ಚು ಕೊಟ್ಟು ಬರುವುದುಂಟು. ಇವು ಯಾವುವೂ ಕೈಗೂಡದಿದ್ದರೆ, ಆ ವಸ್ತು ಉಪಕಸುಬಾಗಿ ಉಳಿಯಬಲ್ಲದು, ವೃತ್ತಿಯಾಗಲಾರದು. ಇದನ್ನು ಮೊದಲ ವರ್ಷವೇ ತಿಳಿದುಕೊಳ್ಳುವುದು ಲೇಸು.

ಬೆಲೆ ಹೇಳಿ ಸುಮ್ಮನಿರುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ದಾಕ್ಷಿಣ್ಯ ಹೆಚ್ಚಿರುವವರಿಗೆ ಮುದ್ರಿತ ದರಪಟ್ಟಿ ಬಹಳ ನೆರವಾಗುತ್ತದೆ. ಏಕೆಂದರೆ ಬೆಲೆಯನ್ನು ಆಗ ಹೇಳುವುದು ಕಾಗದ, ನಾವಲ್ಲ. ಹೇಳಿ ಮಾಡಿಸುವ ಕೆಲಸಕ್ಕೆ ಮುಂಗಡ ಕೇಳುವುದೂ ಇಂಥದ್ದೇ ಒಂದು ಸಣ್ಣ ಧೈರ್ಯ.

ಸಂಬಳದ ಕೆಲಸ ಬಿಡಬೇಕೇ, ಯಾವಾಗ?

ಇಂಗ್ಲಿಷ್ ಕಾದಂಬರಿಕಾರ ಆಂಥೊನಿ ಟ್ರಾಲಪ್ 1834ರಲ್ಲಿ ಅಂಚೆ ಇಲಾಖೆ ಸೇರಿದರು. ಅವರ ಮೊದಲ ಕಾದಂಬರಿ ಹೊರಬಂದದ್ದು 1847ರಲ್ಲಿ. ಕೆಲಸಕ್ಕೆ ರಾಜೀನಾಮೆ ಕೊಟ್ಟದ್ದು 1867ರಲ್ಲಿ. ವರ್ಷಗಟ್ಟಲೆ ಅವರು ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕೂತು, ಗಡಿಯಾರ ಎದುರಿಟ್ಟುಕೊಂಡು, ಕಾಲು ಗಂಟೆಗೆ 250 ಪದಗಳ ಲೆಕ್ಕದಲ್ಲಿ ಬರೆದು, ಆಮೇಲೆ ಕಚೇರಿಗೆ ಹೋದರು. ರಾಜೀನಾಮೆಯ ಸಮಯವನ್ನು ಅವರು ಆರಿಸಿಕೊಂಡ ಬಗೆ ಇನ್ನೂ ಕುತೂಹಲದ್ದು. ಅರವತ್ತು ತುಂಬುವವರೆಗೆ ಕೆಲಸದಲ್ಲಿದ್ದರೆ ಸಿಗುತ್ತಿದ್ದ ಪಿಂಚಣಿಗೆ ಸಮನಾದ ಆದಾಯ ಬರುವಷ್ಟು ಉಳಿತಾಯವಾದ ದಿನ ಬಿಡಬೇಕೆಂದು ಹೆಂಡತಿಯೊಡನೆ ಸಮಾಲೋಚಿಸಿ ವರ್ಷಗಳ ಮೊದಲೇ ತೀರ್ಮಾನಿಸಿದ್ದರು. ಅಷ್ಟಾದ ಮೇಲೆಯೇ ಬಿಟ್ಟರು. ಯಾವಾಗ ಬಿಡಬೇಕೆಂಬುದನ್ನು ಅಂದಿನ ಬೇಸರಕ್ಕೆ ಬಿಡದೆ ಮೊದಲೇ ಬರೆದಿಟ್ಟ ಒಂದು ಸಂಖ್ಯೆಗೆ ಒಪ್ಪಿಸಿದ್ದರು ಎನ್ನಬಹುದು.

ಹೆಸರು ಬಂದ ಕೂಡಲೇ ಹಣ ಬರುತ್ತದೆ ಎಂಬ ನಂಬಿಕೆಗೆ ಸಂಗೀತ ಸಂಯೋಜಕ ಫಿಲಿಪ್ ಗ್ಲಾಸ್ ಅವರ ಬದುಕು ಉತ್ತರ ಕೊಡುತ್ತದೆ. 1976ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಹೌಸ್‌ನಲ್ಲಿ ಅವರ ಒಪೆರಾ ಪ್ರದರ್ಶನಗೊಂಡು ಜನ ಕಿಕ್ಕಿರಿದಿದ್ದರು. ಅದಾದ ಮೇಲೂ ಅವರು ಟ್ಯಾಕ್ಸಿ ಓಡಿಸುತ್ತಿದ್ದರು. ಪೂರ್ತಿಯಾಗಿ ಸಂಗೀತದಿಂದಲೇ ಬದುಕುವಂತಾದಾಗ ಅವರಿಗೆ 41 ವರ್ಷ.

ಚಿತ್ರಕಾರ ಪಾಲ್ ಗೊಗೇನ್ ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ. ಪ್ಯಾರಿಸ್ಸಿನಲ್ಲಿ ಷೇರು ದಲ್ಲಾಳಿ ವ್ಯವಹಾರದಲ್ಲಿದ್ದ ಅವರು ಬಿಡುವಿನಲ್ಲಿ ಚಿತ್ರ ಬರೆಯುತ್ತಿದ್ದರು. 1882ರಲ್ಲಿ ಷೇರುಪೇಟೆ ಕುಸಿದು ಗಳಿಕೆ ಇಳಿಯಿತು. ಮರುವರ್ಷ ಪೂರ್ಣಾವಧಿ ಚಿತ್ರಕಾರರಾಗಲು ನಿರ್ಧರಿಸಿದರು. ಚಿತ್ರಗಳು ಮಾರಾಟವಾಗಲಿಲ್ಲ, ಸಂಸಾರ ಒಡೆದು ದೂರವಾಯಿತು, ಪ್ಯಾರಿಸ್ಸಿಗೆ ಮರಳಿದ ಮೇಲೆ ಗೋಡೆಗಳಿಗೆ ಪೋಸ್ಟರ್ ಅಂಟಿಸುವ ಕೆಲಸವನ್ನೂ ಮಾಡಬೇಕಾಯಿತು. ಅವರ ಚಿತ್ರಗಳು ಇಂದು ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿವೆ ಎಂಬುದು ನಿಜ. ಆದರೆ ಹೀಗೆ ಜಿಗಿದವರಲ್ಲಿ ನಮ್ಮ ಕಿವಿಗೆ ಬೀಳುವುದು ಹೆಸರು ಉಳಿದವರ ಕಥೆ ಮಾತ್ರ. ಜಿಗಿದು ಮರೆಯಾದವರ ಎಣಿಕೆ ಯಾರ ಬಳಿಯೂ ಇಲ್ಲ.

ಈ ವಿಷಯದಲ್ಲಿ ಎಣಿಕೆ ಮಾಡಿ ನೋಡಿದ ಅಧ್ಯಯನವೊಂದಿದೆ. ಜೋಸೆಫ್ ರಾಫಿ ಮತ್ತು ಜೀ ಫೆಂಗ್ ಎಂಬ ಸಂಶೋಧಕರು ಅಮೆರಿಕದಲ್ಲಿ 1994ರಿಂದ 2008ರ ನಡುವೆ ಸ್ವಂತ ಉದ್ಯಮಕ್ಕೆ ಇಳಿದ ಸಾವಿರಾರು ಮಂದಿಯ ಮಾಹಿತಿಯನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಇದ್ದ ಕೆಲಸದಲ್ಲಿದ್ದುಕೊಂಡೇ ಉದ್ಯಮ ಆರಂಭಿಸಿ ಆಮೇಲೆ ಪೂರ್ಣಾವಧಿಗೆ ಹೊರಳಿದವರ ಉದ್ಯಮ ಮುಚ್ಚುವ ಸಂಭವ, ಒಮ್ಮೆಲೇ ಕೆಲಸ ಬಿಟ್ಟವರದಕ್ಕಿಂತ ಶೇ 33ರಷ್ಟು ಕಡಿಮೆಯಿತ್ತು. ಅವರು ಅಧ್ಯಯನ ಮಾಡಿದ್ದು ಎಲ್ಲ ಬಗೆಯ ಉದ್ಯಮಗಳನ್ನು, ಕಲೆಯನ್ನಷ್ಟೇ ಅಲ್ಲ. ಆದರೂ ಕಾರಣ ಕಲೆಗೂ ಹೊಂದುತ್ತದೆ. ಬೇರೊಂದು ಆದಾಯ ಇದ್ದವರು ಅರೆಕಾಲಿಕವಾಗಿ ಕಲಿಯುತ್ತಾರೆ, ನಡೆಯದ್ದನ್ನು ನಷ್ಟವಿಲ್ಲದೆ ಕೈಬಿಡುತ್ತಾರೆ, ಉಳಿಯುವಂಥದ್ದು ಕೈಗೆ ಸಿಕ್ಕಿದ ಮೇಲೆ ಹೊರಳುತ್ತಾರೆ.

ಇದಕ್ಕೊಂದು ಬೆಲೆಯೂ ಉಂಟು. ಎರಡು ದೋಣಿಯಲ್ಲಿ ಕಾಲಿಟ್ಟು ಬಹಳ ದಿನ ಸಾಗಲಾಗದು. ನಿದ್ದೆ ಕಡಿಮೆಯಾಗುತ್ತದೆ, ಮನೆಯವರ ಪಾಲಿನ ಸಮಯ ಕರಗುತ್ತದೆ. ಆದ್ದರಿಂದ ಬಿಡುವುದು, ಬಿಡದಿರುವುದು ಎಂಬ ಎರಡೇ ಆಯ್ಕೆಗಳೆಂದು ಭಾವಿಸದೆ ನಡುವಿನವುಗಳನ್ನೂ ನೋಡಬೇಕು. ವಾರಕ್ಕೆ ಒಂದು ದಿನ ಕಡಿಮೆ ಕೆಲಸ ಮಾಡಲು ಅವಕಾಶ ಕೇಳುವುದು, ಸಂಬಳವಿಲ್ಲದ ರಜೆಯಲ್ಲಿ ಮೂರು ತಿಂಗಳು ಪ್ರಯೋಗಿಸಿ ನೋಡುವುದು, ಮರಳಿ ಸೇರುವ ದಾರಿ ಇಟ್ಟುಕೊಂಡು ಹೊರಡುವುದು, ಇವೆಲ್ಲ ಕೇಳಿದರೆ ಮಾತ್ರ ಸಿಗುವಂಥವು. ಹಿರಿಯ ಅಧಿಕಾರಿಯ ಕೋಣೆಗೆ ಹೋಗಿ ಇದನ್ನು ಕೇಳಲು ಬೇಕಾದ ಧೈರ್ಯ, ರಾಜೀನಾಮೆ ಪತ್ರ ಎಸೆದು ಬರುವ ಧೈರ್ಯಕ್ಕಿಂತ ಕಡಿಮೆಯದೇನಲ್ಲ ಎಂಬುದು ನನ್ನ ಅಭಿಪ್ರಾಯ.

ಹಣ ಬಂದಾಗ ಇಷ್ಟ ಏನಾಗುತ್ತದೆ

"ಇಷ್ಟಪಟ್ಟದ್ದನ್ನೇ ಕಸುಬು ಮಾಡಿಕೊಂಡರೆ ಇಷ್ಟ ಸತ್ತುಹೋಗುತ್ತದೆ" ಎಂಬ ಭಯಕ್ಕೆ ಆಧಾರವಿದೆಯೇ? 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಚಿತ್ರ ಬರೆಯಲು ಇಷ್ಟಪಡುವ 51 ಪುಟ್ಟ ಮಕ್ಕಳ ಮೇಲೆ ಪ್ರಯೋಗ ನಡೆಸಿದರು. ಒಂದು ಗುಂಪಿಗೆ ಚಿತ್ರ ಬರೆದರೆ ಬಹುಮಾನಪತ್ರ ಕೊಡುತ್ತೇವೆಂದು ಮೊದಲೇ ಹೇಳಿ ಬರೆಸಿದರು. ಇನ್ನೊಂದಕ್ಕೆ ಮೊದಲು ಹೇಳದೆ ಕೊನೆಯಲ್ಲಿ ಕೊಟ್ಟರು. ಮತ್ತೊಂದಕ್ಕೆ ಏನೂ ಕೊಡಲಿಲ್ಲ. ಕೆಲವು ದಿನಗಳ ನಂತರ ಮಕ್ಕಳನ್ನು ಅವರ ಪಾಡಿಗೆ ಬಿಟ್ಟು ನೋಡಿದಾಗ, ಬಹುಮಾನದ ಮಾತು ಕೇಳಿ ಬರೆದಿದ್ದವರು ಉಳಿದವರಿಗಿಂತ ಸುಮಾರು ಅರ್ಧದಷ್ಟು ಸಮಯ ಮಾತ್ರ ಚಿತ್ರಕ್ಕೆ ಕೊಟ್ಟರು. ಅನಿರೀಕ್ಷಿತವಾಗಿ ಬಹುಮಾನ ಪಡೆದವರ ಆಸಕ್ತಿ ಮಾತ್ರ ಕುಗ್ಗಿರಲಿಲ್ಲ. ಅಂದರೆ ಆಸಕ್ತಿಯನ್ನು ಕೆಡಿಸಿದ್ದು ಬಹುಮಾನವಲ್ಲ, "ಇದಕ್ಕಾಗಿ ಅದು" ಎಂಬ ಕರಾರು.

ವೃತ್ತಿಪರರ ವಿಷಯದಲ್ಲಿ ಮನೋವಿಜ್ಞಾನಿ ತೆರೆಸಾ ಅಮಾಬಿಲೆ ಅವರ ಅಧ್ಯಯನ ಹೆಚ್ಚು ಹತ್ತಿರದ್ದು. 23 ಕಲಾವಿದರಲ್ಲಿ ಪ್ರತಿಯೊಬ್ಬರಿಂದ, ಬೇರೆಯವರು ಹೇಳಿ ಮಾಡಿಸಿಕೊಂಡ ಹತ್ತು ಮತ್ತು ತಮ್ಮಿಷ್ಟಕ್ಕೆ ಮಾಡಿದ ಹತ್ತು ಕೃತಿಗಳನ್ನು ಪಡೆದು, ಯಾವುದು ಯಾವ ಬಗೆಯದೆಂದು ತಿಳಿಸದೆ ಪರಿಣತರಿಂದ ಅಳೆಯಿಸಿದರು. ಕೌಶಲದಲ್ಲಿ ಎರಡೂ ಸಮನಾಗಿದ್ದವು. ಸೃಜನಶೀಲತೆಯಲ್ಲಿ ಹೇಳಿ ಮಾಡಿಸಿದವು ಹಿಂದೆ ಬಿದ್ದವು. ಕಲಾವಿದರಿಗೆ ಕಟ್ಟುಪಾಡು ಹೆಚ್ಚೆನಿಸಿದ ಕೃತಿಗಳಲ್ಲಿ ಈ ಹಿನ್ನಡೆ ಹೆಚ್ಚು.

ಇದರಿಂದ ಕಾರ್ಯರೂಪಕ್ಕೆ ತರಬಹುದಾದ ಎರಡು ವಿಷಯಗಳು ಸಿಗುತ್ತವೆ. ಒಂದು, ಕೆಲಸ ಒಪ್ಪಿಕೊಳ್ಳುವಾಗ ಹಣದಷ್ಟೇ ಸ್ವಾತಂತ್ರ್ಯದ ಬಗ್ಗೆಯೂ ಮಾತಾಡಿಕೊಳ್ಳಬೇಕು: ಎಷ್ಟು ಸಲ ತಿದ್ದಿಸಬಹುದು, ಯಾವ ತೀರ್ಮಾನ ಯಾರದು ಎಂಬುದನ್ನು ಆರಂಭದಲ್ಲೇ ಬರೆದುಕೊಳ್ಳಬೇಕು. ಇನ್ನೊಂದು, ಮಾರಾಟಕ್ಕೆ ಇಡದ ಒಂದು ಕೆಲಸವನ್ನು ಯಾವಾಗಲೂ ಕೈಯಲ್ಲಿಟ್ಟುಕೊಳ್ಳಬೇಕು. ಅದರಲ್ಲಿ ಮಾಡಿದ ಪ್ರಯೋಗಗಳೇ ಮುಂದೆ ಮಾರಾಟದ ಕೆಲಸಕ್ಕೆ ಹರಿದು ಬರುತ್ತವೆ.

ಹಕ್ಕು ಯಾರದು

ಕೃತಿಯೊಂದನ್ನು ಮಾರಿದರೆ ಅದರ ನಕಲು ಮಾಡುವ ಹಕ್ಕೂ ಹೋಗುತ್ತದೆಯೇ ಎಂಬುದು ಹೊಸಬರ ಸಾಮಾನ್ಯ ಗೊಂದಲ. ಸಾಮಾನ್ಯವಾಗಿ ಹೋಗುವುದಿಲ್ಲ. 1886ರ ಬರ್ನ್ ಒಪ್ಪಂದಕ್ಕೆ ಇಂದು 180ಕ್ಕೂ ಹೆಚ್ಚು ದೇಶಗಳು ಸೇರಿವೆ. ಅದರ ಪ್ರಕಾರ ಕೃತಿಸ್ವಾಮ್ಯ ಕೃತಿ ಹುಟ್ಟಿದಾಗಲೇ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಚಿತ್ರ, ಬರಹ, ಸಂಗೀತದಂಥ ಕೃತಿಗಳಿಗೆ ರಚಿಸಿದವರ ಜೀವಿತಾವಧಿ ಮತ್ತು ಆನಂತರ ಕನಿಷ್ಠ 50 ವರ್ಷ ರಕ್ಷಣೆಯಿರಬೇಕು. ಹಲವು ದೇಶಗಳ ಕಾನೂನಿನಲ್ಲಿ ಈ ಅವಧಿ ಇನ್ನೂ ಹೆಚ್ಚು.

ಒಪ್ಪಂದಪತ್ರಗಳಲ್ಲಿ ಎರಡು ಬಗೆಯ ಮಾತು ಬರುತ್ತದೆ. 'ಹಕ್ಕು ವರ್ಗಾವಣೆ' ಎಂದಿದ್ದರೆ ಅದು ಮನೆ ಮಾರಿದಂತೆ, ಮತ್ತೆ ಒಳಗೆ ಹೋಗುವಂತಿಲ್ಲ. 'ಪರವಾನಗಿ' ಎಂದಿದ್ದರೆ ಬಾಡಿಗೆಗೆ ಕೊಟ್ಟಂತೆ: ಯಾವ ಬಳಕೆಗೆ, ಎಷ್ಟು ದಿನ, ಯಾವ ಪ್ರದೇಶದಲ್ಲಿ ಎಂದು ಗೊತ್ತುಮಾಡಿ ಹಕ್ಕನ್ನು ತಮ್ಮಲ್ಲೇ ಉಳಿಸಿಕೊಳ್ಳಬಹುದು. ಬಾಡಿಗೆಯ ದರಕ್ಕೆ ಮನೆಯನ್ನೇ ಬರೆದುಕೊಡುವ ತಪ್ಪು ಹೊಸಬರಿಂದ ಆಗಾಗ ಆಗುತ್ತದೆ, ಏಕೆಂದರೆ ಬಂದ ಮೊದಲ ಅವಕಾಶ ಕೈತಪ್ಪೀತೆಂಬ ಭಯದಲ್ಲಿ ಅವರು ಓದದೆ ಸಹಿ ಹಾಕುತ್ತಾರೆ. "ಎರಡು ದಿನ ಸಮಯ ಕೊಡಿ, ಓದಿ ಹೇಳುತ್ತೇನೆ" ಎನ್ನುವುದು ಖರ್ಚಿಲ್ಲದ ಧೈರ್ಯ.

ಎಷ್ಟು ಜನ ಗಿರಾಕಿಗಳು ಬೇಕು

ಲಕ್ಷಗಟ್ಟಲೆ ಜನ ನೋಡಿದರೆ ಮಾತ್ರ ಬದುಕು ಸಾಧ್ಯವೆಂಬ ಭಾವನೆ ಇದೆ. ಕೆವಿನ್ ಕೆಲ್ಲಿ ಎಂಬ ಲೇಖಕರು 2008ರಲ್ಲಿ ಬೇರೊಂದು ಲೆಕ್ಕ ಮುಂದಿಟ್ಟರು: ಮಾಡಿದ್ದನ್ನೆಲ್ಲ ಕೊಳ್ಳುವ, ವರ್ಷಕ್ಕೆ ತಮ್ಮ ಒಂದು ದಿನದ ಗಳಿಕೆಯಷ್ಟನ್ನು ಖರ್ಚು ಮಾಡುವ 1,000 ನಿಷ್ಠಾವಂತರು ಸಾಕು. ಈ ಲೆಕ್ಕವನ್ನು ಪರೀಕ್ಷಿಸಬಹುದು. ಒಬ್ಬರ ವರ್ಷದ ದುಡಿಮೆ ಸುಮಾರು 250 ದಿನಗಳದ್ದಾದರೆ, 1,000 ಜನರ ಒಂದೊಂದು ದಿನ ಸೇರಿದಾಗ ನಾಲ್ಕು ವರ್ಷದ ಗಳಿಕೆಯಾಗುತ್ತದೆ. ಸಾಮಗ್ರಿ, ಸಾಗಣೆ, ಮಾರಾಟ ತಾಣದ ಪಾಲು ಎಂದು ಅರ್ಧ ಹೋದರೂ ಎರಡು ವರ್ಷದ್ದು ಉಳಿಯುತ್ತದೆ. ಹಾಗಾದರೆ ಒಬ್ಬರ ಜೀವನಕ್ಕೆ ಐನೂರು ಜನ ಸಾಕಾಗಬಹುದು.

ಆದರೆ ಅಂಥ ಐನೂರು ಜನ ಸಿಗುವುದೇ ಕಷ್ಟದ ಭಾಗ. ನೋಡಿ ಮೆಚ್ಚಿದವರಲ್ಲಿ ಕೊಳ್ಳುವವರು ಕಡಿಮೆ, ಕೊಂಡವರಲ್ಲಿ ಮತ್ತೆ ಬರುವವರು ಇನ್ನೂ ಕಡಿಮೆ. ಉಪಕಸುಬಿನ ಹಂತದಲ್ಲಿ ಗಮನಿಸಬೇಕಾದ ಸಂಖ್ಯೆ ಮೆಚ್ಚುಗೆಯದ್ದಲ್ಲ, ಎರಡನೆಯ ಸಲ ಬಂದವರದ್ದು. ಅವರ ಹೆಸರು, ಕೊಂಡದ್ದೇನು ಎಂಬುದನ್ನು ಬರೆದಿಡಲು ಒಂದು ಸಾದಾ ನೋಟುಪುಸ್ತಕ ಸಾಕು.

ಮಿತಿ ಬರೆದಿಡುವುದು

ಪ್ರತಿ ಸಣ್ಣ ತೀರ್ಮಾನದ ಜೊತೆಗೆ ಒಂದು ಚೀಟಿ ಬರೆದುಕೊಳ್ಳುವ ಅಭ್ಯಾಸ ಹಲವರಿಗೆ ನೆರವಾಗಿದೆ. ಏನು ಮಾಡುತ್ತೇನೆ, ಎಷ್ಟು ಸಮಯ ಮತ್ತು ಹಣ ಹಾಕುತ್ತೇನೆ, ಯಾವ ತಾರೀಖಿಗೆ ನೋಡುತ್ತೇನೆ, ಏನು ಕಂಡರೆ ಮುಂದುವರಿಸುತ್ತೇನೆ ಎಂಬ ನಾಲ್ಕು ಸಾಲು. ಆ ತಾರೀಖು ಬಂದಾಗ ಉತ್ತರ "ಇಲ್ಲ" ಎಂದಾದರೆ ಮೊದಲಿನ ಹವ್ಯಾಸಕ್ಕೆ ಮರಳುವುದಕ್ಕೂ ಧೈರ್ಯ ಬೇಕು, ಏಕೆಂದರೆ ಹಾಕಿದ್ದು ವ್ಯರ್ಥವಾಯಿತಲ್ಲ ಎಂಬ ಹಳಹಳಿ ಜನರನ್ನು ನಡೆಯದ ವ್ಯಾಪಾರದಲ್ಲಿ ವರ್ಷಗಟ್ಟಲೆ ಕಟ್ಟಿಹಾಕುತ್ತದೆ. ಮರಳಿದವರು ಕಲಿತ ಕೈಯನ್ನು ಕಳೆದುಕೊಂಡಿರುವುದಿಲ್ಲ. ಬೇಕೆಂದಾಗ ಮತ್ತೆ ಇನ್ನೊಂದು ಚೀಟಿ ಬರೆಯಬಹುದು.

ನನ್ನ ಈ ವರ್ಷದ ಚೀಟಿಯಲ್ಲಿ ತಿಂಗಳಿಗೆ ಎಂಟು ಪುಸ್ತಕ ಎಂದಿದೆ. ಒಂದಕ್ಕೆ ನಾಲ್ಕೂವರೆ ಗಂಟೆಯಂತೆ ತಿಂಗಳಿಗೆ 36 ಗಂಟೆ, ಅಂದರೆ ಹೆಚ್ಚುಕಡಿಮೆ ನಾಲ್ಕು ಭಾನುವಾರಗಳು. ಒಂಬತ್ತನೆಯದನ್ನು ಕೇಳಿದವರಿಗೆ ಮುಂದಿನ ತಿಂಗಳ ತಾರೀಖು ಹೇಳುತ್ತೇನೆ. ಬೆಲೆ ದರಪಟ್ಟಿಯಲ್ಲಿದೆ.